ಮೊದಲನೆಯದಕ್ಕೂ ಕೆಳಗಿನ ಮೆಟ್ಟಿಲು

ಅಮೆರಿಕದ ಡ್ರೆಸಾಜ್ ಸ್ಪರ್ಧೆಗಳಲ್ಲಿ 'ಫಸ್ಟ್ ಲೆವೆಲ್' ಎಂಬ ದರ್ಜೆಯೊಂದಿದೆ. ಹೆಸರನ್ನು ನಂಬಿ, ಕಲಿಯುವವರು ಶುರು ಮಾಡುವುದು ಅಲ್ಲಿಂದಲೇ ಎಂದುಕೊಂಡರೆ ತಪ್ಪು. ಅದರ ಕೆಳಗೆ 'ಟ್ರೇನಿಂಗ್ ಲೆವೆಲ್' ಇದೆ. ಅದಕ್ಕೂ ಕೆಳಗೆ 'ಇಂಟ್ರೊಡಕ್ಟರಿ ಲೆವೆಲ್'. ಜರ್ಮನಿಯಲ್ಲಿ 'ಎ' ದರ್ಜೆಯ 'ಎ' ಎಂದರೆ ಅನ್‌ಫೆಂಗರ್, ಅಂದರೆ ಹೊಸಬ. ಆ ಹೊಸಬನ ಕೆಳಗೂ 'ಇ' ಎಂಬ ಪ್ರವೇಶದ ದರ್ಜೆ. ಇಂಗ್ಲೆಂಡಿನಲ್ಲಿ 'ನಾವಿಸ್' ಕೆಳಗೆ 'ಪ್ರಿಲಿಮಿನರಿ', ಅದರ ಕೆಳಗೆ 'ಇಂಟ್ರೊ'. ಮಹಡಿ ಕಟ್ಟಿ ಮುಗಿಸಿದ ಮೇಲೆ ಕೆಳಗೆ ಮೆಟ್ಟಿಲು ಸಾಲಲಿಲ್ಲವೆಂದು ಒಂದೊಂದಾಗಿ ಸೇರಿಸುತ್ತ ಹೋದ ಮನೆಯ ಹಾಗೆ ಈ ಹೆಸರುಗಳು ಕಾಣುತ್ತವೆ. ಕುದುರೆ ಸವಾರಿ ಕಲಿಸುವವರು ತಮ್ಮ ಶಿಷ್ಯರಿಗೆ ಯಾವ ಪರೀಕ್ಷೆ ಆರಿಸಬೇಕು ಎಂದು ಇಂದು ತಲೆ ಕೆಡಿಸಿಕೊಳ್ಳುವುದಕ್ಕೂ ಈ ಮನೆ ಹೀಗೆ ಕಟ್ಟಲ್ಪಟ್ಟಿದ್ದಕ್ಕೂ ಸಂಬಂಧವಿದೆ.

ಡ್ರೆಸಾಜ್ ಫ್ರೆಂಚ್ ಪದ. ತರಬೇತಿ, ಪಳಗಿಸುವಿಕೆ ಎಂದು ಅರ್ಥ. ಸ್ಪರ್ಧೆಯಲ್ಲಿ ನೋಡಸಿಗುವುದು ಇಷ್ಟು: 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಸಮತಟ್ಟಾದ ಅಂಗಳ. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ಫಲಕಗಳು. ಚಿಕ್ಕ ಅಂಗಳದಲ್ಲಿ ಅವು ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಎಂಬ ಅಡ್ಡಾದಿಡ್ಡಿ ಕ್ರಮದಲ್ಲಿರುತ್ತವೆ. ನಟ್ಟನಡುವೆ ಫಲಕವಿಲ್ಲದ ಎಕ್ಸ್. ಈ ಕ್ರಮ ಎಲ್ಲಿಂದ ಬಂತೆಂಬುದಕ್ಕೆ ಲಾಯಕ್ಕೊಂದು ಕಥೆ ಇದೆ, ದಾಖಲೆ ಯಾವುದಕ್ಕೂ ಇಲ್ಲ. ಇಂಗ್ಲಿಷಿನಲ್ಲಿ ಕಲಿತ ಮಕ್ಕಳು 'ಆಲ್ ಕಿಂಗ್ ಎಡ್ವರ್ಡ್ಸ್ ಹಾರ್ಸಸ್ ಕ್ಯಾನ್ ಮೇಕ್ ಬಿಗ್ ಫೆನ್ಸಸ್' ಎಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಸವಾರರು ಒಬ್ಬೊಬ್ಬರಾಗಿ ಒಳಗೆ ಬಂದು, ಮೊದಲೇ ಅಚ್ಚಾದ ಪರೀಕ್ಷೆಯನ್ನು ಅಕ್ಷರದಿಂದ ಅಕ್ಷರಕ್ಕೆ ಒಪ್ಪಿಸುತ್ತಾರೆ. ಇಲ್ಲಿ ನಡಿಗೆ, ಅಲ್ಲಿಂದ ಟ್ರಾಟ್, ಆ ಮೂಲೆಯಲ್ಲಿ ಕ್ಯಾಂಟರ್, ಇಲ್ಲಿ ವೃತ್ತ, ಅಲ್ಲಿ ನಿಲುಗಡೆ. ಟ್ರಾಟಿಗೆ ಹಳಗಾಲದ ಕನ್ನಡದಲ್ಲಿ ಕುಕ್ಕುಲೋಟ ಎಂಬ ಮಾತಿತ್ತು. ಹೊಸ ಸವಾರರ ಸೊಂಟಕ್ಕೆ ಆಗುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದ ಸಿಗಲಾರದು. ಪ್ರತಿ ಚಲನೆಗೂ ಸೊನ್ನೆಯಿಂದ 10ರವರೆಗೆ ಅಂಕ, ಪಕ್ಕದಲ್ಲಿ ತೀರ್ಪುಗಾರರ ಒಂದು ಸಾಲಿನ ಟಿಪ್ಪಣಿ.

ಸವಾರಿಯ ಕಲೆ ಹಳೆಯದು, ಪರೀಕ್ಷೆ ಹೊಸದು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಕ್ಸೆನೊಫೋನ್ ಬರೆದ ಅಶ್ವವಿದ್ಯೆಯ ಪುಸ್ತಕದಲ್ಲೇ ಬಲವಂತದಿಂದ ಮಾಡಿಸಿದ ನಡೆಯಲ್ಲಿ ಸೊಬಗಿರುವುದಿಲ್ಲ ಎಂಬ ವಿಚಾರವಿದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅರಸನು ವಾಹ್ಯಾಳಿಯಲ್ಲಿ, ಅಂದರೆ ಸವಾರಿಗೆಂದೇ ಸಿದ್ಧಪಡಿಸಿದ ಬಯಲಿನಲ್ಲಿ, ಕುದುರೆ ನಡೆಸುವ ವಿನೋದಕ್ಕೆ ಒಂದು ಅಧ್ಯಾಯವೇ ಮೀಸಲು. ಯುರೋಪಿನಲ್ಲಿ 17ನೇ ಶತಮಾನದ ಹೊತ್ತಿಗೆ ಪ್ಲುವಿನೆಲ್ ಫ್ರಾನ್ಸಿನ 13ನೇ ಲೂಯಿಗೆ ಸವಾರಿ ಕಲಿಸುತ್ತಿದ್ದ. ನ್ಯೂಕ್ಯಾಸಲ್‌ನ ಡ್ಯೂಕ್ ವೃತ್ತದ ಮೇಲೆ ಕುದುರೆಯ ಭುಜ ಸಡಿಲಿಸುವ ಅಭ್ಯಾಸ ಬರೆದಿಟ್ಟ. 1733ರಲ್ಲಿ ಗೆರಿನಿಯೇರ್ ಅದನ್ನು ವೃತ್ತದಿಂದ ಗೋಡೆಯ ಪಕ್ಕದ ನೇರ ಸಾಲಿಗೆ ತಂದು 'ಶೋಲ್ಡರ್ ಇನ್' ಎಂಬ ಹೊಸ ವ್ಯಾಯಾಮ ಮಾಡಿದ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಯ ಬಿಳಿ ಸಭಾಂಗಣ 1735ರಲ್ಲಿ ಮುಗಿಯಿತು. ಇವರಲ್ಲಿ ಯಾರೂ ಶಿಷ್ಯನ ಕೈಗೆ ಅಂಕಪಟ್ಟಿ ಕೊಡಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಗುರು ದಿನಾ ಬೆಳಿಗ್ಗೆ ಅಂಗಳದ ನಡುವೆ ನಿಂತು ನೋಡುತ್ತಿದ್ದ. ವಿಯೆನ್ನಾದಲ್ಲಿ ಹೊಸ ಶಿಷ್ಯರನ್ನು ಇಂದಿಗೂ ತಿಂಗಳುಗಟ್ಟಲೆ ಉದ್ದ ಹಗ್ಗದ ಕುದುರೆಯ ಮೇಲೆ, ಲಗಾಮೂ ಇಲ್ಲದೆ ರಿಕಾಪೂ ಇಲ್ಲದೆ, ಸುತ್ತಿಸುತ್ತಾರೆ. ಕೂರಲು ಬಂತೆಂದು ಗುರುವಿಗೆ ಅನ್ನಿಸಿದ ದಿನ ಲಗಾಮು ಕೈಗೆ ಬರುತ್ತದೆ.

ಅಂಕಪಟ್ಟಿಯನ್ನು ಮುಂದೆ ತಂದದ್ದು ಸೈನ್ಯ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಮೊದಲ ಸಲ ಸ್ಪರ್ಧೆಯಾಗಿ ಬಂದಾಗ ಅಂಗಳದಲ್ಲಿದ್ದವರೆಲ್ಲ ಸೈನ್ಯದ ಅಧಿಕಾರಿಗಳು. ಅಂದಿನ ಪರೀಕ್ಷೆಯನ್ನು ಇಂದು ನೋಡಿದರೆ ಗುರುತು ಸಿಗುವುದೇ ಕಷ್ಟ. ಈಗಿನ ಒಲಿಂಪಿಕ್ಸ್‌ನ ಶೋಭೆಯಾದ ಪಿಯಾಫ್, ಪ್ಯಾಸಾಜ್‌ಗಳು, ಅಂದರೆ ನಿಂತಲ್ಲೇ ಅಥವಾ ತೇಲಿದಂತೆ ಇಡುವ ಎತ್ತರದ ಹೆಜ್ಜೆಗಳು, ಆಗ ಇರಲಿಲ್ಲ. ಅವು ಬಂದದ್ದು 1932ರ ಲಾಸ್ ಏಂಜಲೀಸ್‌ನಲ್ಲಿ. ಸ್ಟಾಕ್‌ಹೋಮ್‌ನಲ್ಲಿ ಬೇಕಿದ್ದದ್ದು ಹಿಡಿತದ ನಡೆ, ನೀಳ ನಡೆ, ಹಿಂದಕ್ಕೆ ಹೆಜ್ಜೆ, ತಿರುವು, ಕೊನೆಗೆ 1.10 ಮೀಟರ್ ಎತ್ತರದವರೆಗಿನ ಕೆಲವು ಜಿಗಿತ. ಅವುಗಳಲ್ಲಿ ಒಂದಂತೂ ಕುದುರೆಯತ್ತ ಉರುಳಿಬರುವ ಪೀಪಾಯಿ. ಅದನ್ನು ಕಂಡು ಕುದುರೆ ಓಡಿಹೋಗಬಾರದು. ಒಂದೇ ಕೈಯಲ್ಲಿ ಲಗಾಮು ಹಿಡಿದವರಿಗೆ ಹೆಚ್ಚಿನ ಅಂಕವೂ ಇತ್ತು, ಏಕೆಂದರೆ ಇನ್ನೊಂದು ಕೈ ಕತ್ತಿಗೆ ಬೇಕು. ಅಧಿಕಾರಿಯ ಕೆಳಗಿನ ಕುದುರೆ ಗುಂಡಿನ ಸದ್ದಿಗೆ, ಗಲಾಟೆಗೆ ಬೆದರದೆ ಹೇಳಿದ್ದು ಕೇಳುತ್ತದೆಯೇ ಎಂಬುದೊಂದೇ ಅಲ್ಲಿನ ಪ್ರಶ್ನೆ. ಮೂರು ಪದಕವನ್ನೂ ಆತಿಥೇಯ ಸ್ವೀಡನ್ ಬಾಚಿಕೊಂಡಿತು. ಚಿನ್ನ ಗೆದ್ದವನು ಕಾರ್ಲ್ ಬೊಂಡೆ.

ಪರೀಕ್ಷೆ ಹುಟ್ಟಿದ್ದೇ ತುದಿಯಲ್ಲಿ, ಪಳಗಿದವರಿಗಾಗಿ. ಕೆಳಗಿನದನ್ನು ಕಲಿಸಲು ದಂಡಿನ ಸವಾರಿ ಶಾಲೆಗಳಿದ್ದವು. ಫ್ರಾನ್ಸಿನ ಸೊಮ್ಯೂರ್, ಜರ್ಮನಿಯ ಹ್ಯಾನೋವರ್, ಅಮೆರಿಕದ ಫೋರ್ಟ್ ರೈಲಿ. ಅಲ್ಲಿ ರಂಗರೂಟನಾಗಲಿ ಎಳೆಯ ಕುದುರೆಯಾಗಲಿ 'ನನಗೆ ಎಷ್ಟು ಬಂದಿದೆ' ಎಂದು ತಿಳಿಯಲು ಭಾನುವಾರದ ಸ್ಪರ್ಧೆಗೆ ಹೋಗಬೇಕಿರಲಿಲ್ಲ. ಜರ್ಮನ್ ಸೈನ್ಯ 1912ರಲ್ಲೇ ಸವಾರಿಯ ಕೈಪಿಡಿ ಅಚ್ಚು ಹಾಕಿ 1937ರವರೆಗೆ ತಿದ್ದುತ್ತ ಬಂತು. ಇಂದು ಜಗತ್ತಿನಾದ್ಯಂತ ಡ್ರೆಸಾಜ್ ಕಲಿಸುವವರು ಹೇಳುವ ಆರು ಮೆಟ್ಟಿಲ ತರಬೇತಿ ಕ್ರಮದ ಬೇರು ಆ ಪರಂಪರೆಯಲ್ಲಿದೆ: ಮೊದಲು ಹೆಜ್ಜೆಯ ಲಯ, ಆಮೇಲೆ ಬಿಗಿತವಿಲ್ಲದ ಮೈ, ಆಮೇಲೆ ಲಗಾಮಿನೊಂದಿಗೆ ಸಮಾಧಾನದ ಸಂಪರ್ಕ, ಇವು ಮೂರು ಬಂದ ಮೇಲೆ ಹಿಂಗಾಲಿನ ಹುಮ್ಮಸ್ಸು, ನೇರತೆ, ಕಟ್ಟಕಡೆಗೆ ಮೈಕೂಡಿಸಿ ನಿಲ್ಲುವ ಶಕ್ತಿ.

ಅಧಿಕಾರಿಗಳ ಈ ಕೋಟೆ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ 1948ರ ಲಂಡನ್ ಒಲಿಂಪಿಕ್ಸ್ ಸಾಕ್ಷಿ. ಸ್ವೀಡನ್‌ನ ಮೂವರ ತಂಡ ಡ್ರೆಸಾಜ್ ಚಿನ್ನ ಗೆದ್ದಿತು. ಅವರಲ್ಲಿ ಒಬ್ಬ ಗೆನೆಲ್ ಪೆರ್ಸನ್. ಆತ ಅಧಿಕಾರಿಯಲ್ಲ, ಅದರ ಕೆಳಗಿನ ಸಾರ್ಜೆಂಟ್ ಸಾಲಿನವನು. ಆ ಸಾಲಿನವರು ಸಂಬಳಕ್ಕೆ ಕುದುರೆ ಪಳಗಿಸುವ ಕಸುಬುದಾರರು, ಹವ್ಯಾಸಿಗಳ ಒಲಿಂಪಿಕ್ಸ್‌ಗೆ ಸಲ್ಲದವರು ಎಂಬುದು ಅಂತಾರಾಷ್ಟ್ರೀಯ ಒಕ್ಕೂಟದ ನಿಯಮ. ಅದೇ ಸೈನ್ಯದ ಸಂಬಳ ತಿನ್ನುವ ಕರ್ನಲ್ ಮಾತ್ರ ಹೇಗೆ ಹವ್ಯಾಸಿ ಎಂದು ಕೇಳಿದವರು ಕಡಿಮೆ. ಸ್ವೀಡನ್ ಉಪಾಯ ಹುಡುಕಿತು: ಒಲಿಂಪಿಕ್ಸ್‌ಗೆ ಮುಂಚೆ ಪೆರ್ಸನ್‌ಗೆ ಲೆಫ್ಟಿನೆಂಟ್ ಬಡ್ತಿ, ಮುಗಿದು ಸ್ವಲ್ಪ ದಿನಕ್ಕೆ ಮತ್ತೆ ಹಳೆಯ ದರ್ಜೆ. ವಿಷಯ ಹೊರಬಿತ್ತು. 1949ರಲ್ಲಿ ತಂಡದ ಚಿನ್ನ ಕಿತ್ತುಕೊಂಡು ಫ್ರಾನ್ಸಿಗೆ ಕೊಟ್ಟರು. ಕುದುರೆ ನಡೆದ ರೀತಿಯಲ್ಲಿ ತಪ್ಪು ಹುಡುಕಿದವರು ಯಾರೂ ಇಲ್ಲ. ತಪ್ಪಿದ್ದದ್ದು ಸವಾರನ ಭುಜದ ಪಟ್ಟಿಯಲ್ಲಿ.

ಆದರೆ ಆ ಗಲಾಟೆಯಿಂದ ನಿಯಮವೇ ನಾಚಿಕೊಂಡಂತಾಯಿತು. 1952ರ ಹೆಲ್ಸಿಂಕಿಯಲ್ಲಿ ಡ್ರೆಸಾಜ್ ಎಲ್ಲರಿಗೂ ತೆರೆಯಿತು: ಕೆಳದರ್ಜೆಯ ಸೈನಿಕರಿಗೆ, ನಾಗರಿಕರಿಗೆ, ಹೆಂಗಸರಿಗೆ. ಅದೇ ಪೆರ್ಸನ್, ಅದೇ ಇಬ್ಬರು ಜೊತೆಗಾರರಾದ ಹೆನ್ರಿ ಸೇಂಟ್ ಸಿರ್ ಮತ್ತು ಬೋಲ್ಟನ್‌ಸ್ಟರ್ನ್ ಜೊತೆ ಬಂದು ಮತ್ತೆ ಚಿನ್ನ ಗೆದ್ದ. ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ. ವೈಯಕ್ತಿಕ ವಿಭಾಗದಲ್ಲಿ ಸೇಂಟ್ ಸಿರ್‌ಗೆ ಚಿನ್ನ, ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಬೆಳ್ಳಿ. ಹಾರ್ಟೆಲ್‌ಗೆ 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೊ ತಗುಲಿತ್ತು. ಮಂಡಿಯ ಕೆಳಗೆ ಕಾಲುಗಳು ಕೊನೆಯವರೆಗೂ ಬರಲಿಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರ ನೆರವು ಬೇಕಿತ್ತು. ಡ್ರೆಸಾಜ್‌ನಲ್ಲಿ ಸವಾರ ಕುದುರೆಗೆ ಹೇಳುವ ಅರ್ಧ ಮಾತು ಕಾಲಿನದು. ಅದಿಲ್ಲದೆ ಆಕೆ ತನ್ನ ಜುಬಿಲಿ ಎಂಬ ಕುದುರೆಗೆ ಬೆನ್ನಿನ ಭಾರದಿಂದ, ಸೊಂಟದ ಸಣ್ಣ ಸರಿದಾಟದಿಂದ ಎಲ್ಲವನ್ನೂ ತಿಳಿಸಿದಳು. ಪದಕದ ವೇದಿಕೆ ಹತ್ತಲು ಸೇಂಟ್ ಸಿರ್ ಆಕೆಗೆ ಆಸರೆಯಾದ. ನಾಲ್ಕು ವರ್ಷದ ಮೇಲೆ ಮತ್ತೆ ಬೆಳ್ಳಿ.

ಇದೇ ಹೊತ್ತಿಗೆ ದಂಡುಗಳಿಂದ ಕುದುರೆಗಳೇ ಹೋಗತೊಡಗಿದ್ದವು. ಟ್ಯಾಂಕು, ಜೀಪುಗಳ ಮುಂದೆ ಅವುಗಳಿಗೆ ಕೆಲಸವಿರಲಿಲ್ಲ. ಸವಾರಿ ನಾಗರಿಕರ ಕೈಗೆ ಬಂತು. ವಾರಕ್ಕೊಂದು ಪಾಠ, ಬಾಡಿಗೆ ಕುದುರೆ, ಶಾಲೆಯ ಮಕ್ಕಳು, ಸಂಜೆ ಆಫೀಸು ಮುಗಿಸಿ ಬರುವವರು. ದಿನಾ ನೋಡುವ ಗುರುವಿನ ಕಣ್ಣು ತಪ್ಪಿಹೋಯಿತು. ಆ ಕಣ್ಣಿನ ಜಾಗದಲ್ಲಿ ಏನಾದರೂ ಬೇಕಿತ್ತು. ಅದಕ್ಕೇ ಪರೀಕ್ಷೆಗಳು ಕೆಳಕ್ಕೆ ಬೆಳೆದವು. ಅಮೆರಿಕದಲ್ಲಿ 1973ರಲ್ಲಿ ಡ್ರೆಸಾಜ್‌ಗೇ ಪ್ರತ್ಯೇಕ ಒಕ್ಕೂಟ ಹುಟ್ಟಿತು. ಕ್ಯಾಂಟರ್ ಇನ್ನೂ ಬಾರದವರಿಗೆ ಬರೀ ನಡಿಗೆ, ಟ್ರಾಟಿನ ಇಂಟ್ರೊಡಕ್ಟರಿ ಪರೀಕ್ಷೆಗಳನ್ನು ಬರೆದದ್ದು ಆ ಒಕ್ಕೂಟವೇ. ಕೆಳದರ್ಜೆಯ ಪರೀಕ್ಷೆ ಪೀಪಾಯಿ ಉರುಳಿಸುವುದಿಲ್ಲ. ಅದು ಕೇಳುವುದು ತರಬೇತಿ ಕ್ರಮದ ಮೊದಲ ಮೂರು ಮೆಟ್ಟಿಲುಗಳನ್ನಷ್ಟೇ: ಲಯವಿದೆಯೇ, ಮೈ ಸಡಿಲವಿದೆಯೇ, ಕಡಿವಾಣವನ್ನು ಕುದುರೆ ನಂಬುತ್ತದೆಯೇ.

ಇಷ್ಟೇ ತಾನೇ ಎಂದು ಕಡೆಗಣಿಸಿದವರು ಅಂಗಳದಲ್ಲಿ ಪೇಚಿಗೆ ಸಿಕ್ಕುತ್ತಾರೆ. 20 ಮೀಟರಿನ ವೃತ್ತವನ್ನೇ ನೋಡಿ. ವೃತ್ತ ಸುತ್ತಿಸುವುದು ಕುದುರೆ ಪಳಗಿಸುವವರ ಅತ್ಯಂತ ಹಳೆಯ ಪಾಠ. ಮೂರು ಸಾವಿರ ವರ್ಷಕ್ಕೂ ಹಿಂದೆ ಹಿಟ್ಟೈಟರ ನಾಡಿನಲ್ಲಿ ಮಿತನ್ನಿಯ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಹೆಸರಿನ ಮಣ್ಣಿನ ಹಲಗೆಗಳಲ್ಲಿ 'ಐಕ ವರ್ತನ', 'ಪಂಜ ವರ್ತನ' ಎಂಬ ಮಾತುಗಳಿವೆ. ಒಂದು ಸುತ್ತು, ಐದು ಸುತ್ತು ಎಂಬುದು ಭಾರತದ ಯಾವ ಓದುಗರಿಗೂ ನಿಘಂಟಿಲ್ಲದೆ ಹೊಳೆಯುತ್ತದೆ. 20 ಮೀಟರಿನ ವೃತ್ತ ಚಿಕ್ಕ ಅಂಗಳದ ಸರಿಯಾಗಿ ಅರ್ಧವನ್ನು ತುಂಬುತ್ತದೆ, ಮೂರು ಕಡೆ ಅಂಚನ್ನು ಮುಟ್ಟಿ ನಾಲ್ಕನೆಯದಾಗಿ ಎಕ್ಸ್ ಮೇಲೆ ಹಾಯುತ್ತದೆ. ಹೊಸ ಸವಾರರು ಅಂಚು ಮುಟ್ಟಿದ ಕೂಡಲೇ ಅದನ್ನೇ ಹಿಡಿದು ಮೂಲೆಗೆ ಹೋಗಿಬಿಡುತ್ತಾರೆ. ಅಂಚಿಲ್ಲದ ಕಡೆ ಕುದುರೆ ಒಳಕ್ಕೆ ಕುಸಿಯುತ್ತದೆ. ವೃತ್ತ ಕೋಳಿಮೊಟ್ಟೆಯಾಗುತ್ತದೆ. ಸುಮಾರು 63 ಮೀಟರ್ ಸುತ್ತಳತೆಯುದ್ದಕ್ಕೂ ಒಂದೇ ಬಾಗು, ಒಂದೇ ವೇಗ ಇರಬೇಕೆಂದರೆ ಸವಾರರ ಎರಡೂ ಕಾಲು, ಎರಡೂ ಕೈ ಬೇರೆ ಬೇರೆ ಕೆಲಸವನ್ನು ಒಟ್ಟಿಗೆ ಮಾಡಬೇಕು. ತೀರ್ಪುಗಾರರಿಗೆ ಇದು ಮೊದಲ ಕಾಲು ಸುತ್ತಿನಲ್ಲೇ ತಿಳಿದುಹೋಗುತ್ತದೆ.

ಅಮೆರಿಕದ ಟ್ರೇನಿಂಗ್ ಲೆವೆಲ್‌ನಲ್ಲಿ ಮೂರು ಪರೀಕ್ಷೆಗಳಿವೆ. ಮೊದಲನೆಯದು ವೃತ್ತ, ನೇರ ಸಾಲು, ಮೂರೂ ನಡೆಗಳ ನಡುವಿನ ಬದಲಾವಣೆ ಇಷ್ಟರಲ್ಲಿ ಮುಗಿಯುತ್ತದೆ. ಎರಡನೆಯದರಿಂದ 'ಸ್ಟ್ರೆಚ್ ಸರ್ಕಲ್' ಬರುತ್ತದೆ: ಟ್ರಾಟಿನಲ್ಲಿ ವೃತ್ತ ಸುತ್ತುತ್ತಲೇ ಸವಾರರು ಲಗಾಮನ್ನು ನಿಧಾನವಾಗಿ ಬಿಟ್ಟುಕೊಡಬೇಕು, ಕುದುರೆ ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚಿ ಲಗಾಮನ್ನು ತಾನೇ ಹುಡುಕಿಕೊಂಡು ಹೋಗಬೇಕು. ಲಯ ಕೆಡಬಾರದು, ಓಟ ಹೆಚ್ಚಬಾರದು. ಜರ್ಮನರು ಇದನ್ನು ಕುದುರೆ ಸವಾರನ ಕೈಯಿಂದ ಲಗಾಮನ್ನು ಮೆಲ್ಲುತ್ತ ತೆಗೆದುಕೊಳ್ಳುವುದು ಎನ್ನುತ್ತಾರೆ. ಮೂರನೆಯದರಲ್ಲಿ ಇದರ ಜೊತೆ ಉದ್ದ ಅಂಚಿನಿಂದ ನಡುವಿನ ಎಕ್ಸ್‌ಗೆ ಬಂದು ಮತ್ತೆ ಅಂಚಿಗೆ ಮರಳುವ ಹಾವಿನ ಬಾಗು. ಕುದುರೆ ಒಂದು ಕಡೆಯ ಬಾಗು ಬಿಟ್ಟು ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ ಬರಬೇಕು. ಸಡಿಲ ಲಗಾಮಿನ ನಡಿಗೆಗೆ, ಸ್ಟ್ರೆಚ್ ಸರ್ಕಲ್‌ಗೆ ಅಂಕ ಇಮ್ಮಡಿ. ಜಂಬದ ಚಲನೆಗಳಿಗಲ್ಲ, ಬಿಟ್ಟುಕೊಡುವುದಕ್ಕೆ ಇಮ್ಮಡಿ.

ಕಲಿಸುವವರ ಮುಂದೆ ಈಗ ಎರಡು ಆಸೆಗಳು ನಿಲ್ಲುತ್ತವೆ. ಸುಲಭದ ಮೊದಲ ಪರೀಕ್ಷೆಯನ್ನೇ ವರ್ಷವಿಡೀ ಸವಾರಿ ಮಾಡಿಸಿ ರಿಬ್ಬನ್ ಗೆಲ್ಲಿಸುವುದು ಒಂದು. ಕುದುರೆ ಬುದ್ಧಿವಂತ ಪ್ರಾಣಿ. ನಾಲ್ಕು ಸಲ ಮಾಡಿದರೆ ಪರೀಕ್ಷೆ ಅದಕ್ಕೇ ಬಾಯಿಪಾಠವಾಗಿ, ಸವಾರರು ಹೇಳುವ ಮೊದಲೇ ಸಿ ಅಕ್ಷರದ ಹತ್ತಿರ ನಡಿಗೆಗೆ ಇಳಿದುಬಿಡುತ್ತದೆ. ಇನ್ನೊಂದು, ಪಕ್ಕಕ್ಕೆ ಅಡ್ಡಹೆಜ್ಜೆ ಇಡುವ ಚಲನೆ ನೋಡಲು ಚೆಂದವೆಂದು ಬೇಗ ಫಸ್ಟ್ ಲೆವೆಲ್‌ಗೆ ಹಾರುವುದು. ಸಂಪರ್ಕವೇ ಕೂಡದ ಕುದುರೆಯ ತಲೆಯನ್ನು ಆಗ ಲಗಾಮಿನಿಂದ ಎಳೆದು ಬಗ್ಗಿಸಬೇಕಾಗುತ್ತದೆ. ದೂರದಿಂದ ಅದು ಶಿಸ್ತಿನ ಹಾಗೆಯೇ ಕಾಣುತ್ತದೆ. ಕತ್ತನ್ನು ಬಲವಂತವಾಗಿ ಎದೆಗೆ ಮಡಿಸುವ ಪದ್ಧತಿ ಮೇಲಿನ ದರ್ಜೆಗಳಲ್ಲೇ ಎಷ್ಟು ವಿವಾದವಾಯಿತೆಂದರೆ 2010ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಲೋಸಾನ್‌ನಲ್ಲಿ ಸಭೆ ಕರೆದು ಅದನ್ನು ಒಪ್ಪಲಾಗದೆಂದು ಹೇಳಬೇಕಾಯಿತು. ಎಳೆದು ಬಗ್ಗಿಸಿದ ಕುದುರೆಗೆ ಸ್ಟ್ರೆಚ್ ಸರ್ಕಲ್ ಬರುವುದಿಲ್ಲ. ಲಗಾಮು ಬಿಟ್ಟರೆ ಅದು ಒಂದೋ ತಲೆ ಎತ್ತಿ ಓಡುತ್ತದೆ, ಇಲ್ಲವೇ ಕತ್ತು ಮಡಿಸಿಕೊಂಡೇ ಇರುತ್ತದೆ, ಎಳೆತ ಈಗ ಬಂದೀತು ಎಂದು ಕಾಯುತ್ತ.

ಹಾಗಾಗಿ ಹೊಸಬರ ದರ್ಜೆಯಲ್ಲೇ ಉಳಿದು, ಅದರೊಳಗಿನ ಅತ್ಯಂತ ಕಷ್ಟದ ಪರೀಕ್ಷೆಯನ್ನು ಆರಿಸುವುದು ಮೇಲು. ಸವಾರಿ ಶಾಲೆಯ ಕುದುರೆಗಂತೂ ಇದು ಜೀವದ ಪ್ರಶ್ನೆ. ದಿನಕ್ಕೆ ಹಲವು ಜನ ಹತ್ತಿಳಿಯುವ, ಹತ್ತು ಥರದ ಕೈಗಳ ಜಗ್ಗಾಟ ಸಹಿಸುವ ಅದರ ಬೆನ್ನು ಉಳಿಯಬೇಕಾದರೆ ಆಗಾಗ ಕತ್ತು ಚಾಚಿ ಬೆನ್ನೆತ್ತಿ ನಡೆಯುವುದನ್ನು ಸವಾರರು ಕಲಿತಿರಬೇಕು. ಭಾರತದಲ್ಲಿ ಇದರ ತೂಕ ಇನ್ನೂ ಹೆಚ್ಚು. ಬೆಂಗಳೂರು, ಪುಣೆ, ಮುಂಬೈ, ಚೆನ್ನೈ, ಹೈದರಾಬಾದಿನಂಥ ರೇಸಿನ ಊರುಗಳ ಸವಾರಿ ಕ್ಲಬ್ಬುಗಳಲ್ಲಿ ಮಕ್ಕಳು ಹತ್ತುವ ಕುದುರೆಗಳಲ್ಲಿ ರೇಸಿನಿಂದ ನಿವೃತ್ತವಾದವು ಬಹಳ. ಲಗಾಮು ಬಿಗಿಯಾದರೆ ಇನ್ನೂ ಜೋರಾಗಿ ಓಡಬೇಕೆಂದು ಕಲಿತು ಬಂದ ಪ್ರಾಣಿ ಅದು. ಅದಕ್ಕೆ ಎರಡನೆಯ ಜೀವನವೊಂದು ಸಿಗುವುದು ಸಡಿಲ ಲಗಾಮಿನಲ್ಲೂ ಟ್ರಾಟ್ ನಿಧಾನವಾಗಿ ಇರಬಲ್ಲದೆಂದು ಗೊತ್ತಾದಾಗ.

ಈ ದೇಶದಲ್ಲೂ ಸವಾರಿ ಬಹುಕಾಲ ದಂಡಿನ ಸೊತ್ತೇ ಆಗಿತ್ತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಲ್ಯಾನ್ಸರ್‌ಗಳವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆ ದಾಳಿಯಲ್ಲಿ ಹಿಡಿದ ಜೋಧಪುರದವರ ಜೊತೆಗೆ ಮೈಸೂರಿನ ರಾವುತರೂ ಇದ್ದರು. ಸಂಸ್ಥಾನಗಳ ಇಂಥ ಪಡೆಗಳ ಉಳಿಕೆಯಿಂದ 1953ರಲ್ಲಿ 61ನೇ ಕ್ಯಾವಲ್ರಿ ಕಟ್ಟಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಸವಾರಿಯಲ್ಲಿ 3 ಚಿನ್ನ ಗೆದ್ದಾಗ ಅದು ಸೈನ್ಯದ ಸಾಧನೆಯೇ. ಆಮೇಲಿನ ಚಿನ್ನಕ್ಕೆ 41 ವರ್ಷ ಹಿಡಿಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡ 209.205 ಅಂಕಗಳೊಡನೆ ಗೆದ್ದಿತು: ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ. ನಾಲ್ವರೂ ನಾಗರಿಕರು, ಇಬ್ಬರು ಹೆಣ್ಣುಮಕ್ಕಳು. ಅದಕ್ಕೆ ಎರಡು ವರ್ಷ ಮೊದಲು ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನ ಈವೆಂಟಿಂಗ್‌ನಲ್ಲಿ 23ನೆಯವರಾಗಿ ಮುಗಿಸಿದ್ದರು; ಆ ಸ್ಪರ್ಧೆಯೂ ತೊಡಗುವುದು ಡ್ರೆಸಾಜ್‌ನಿಂದಲೇ. ಇವರೆಲ್ಲ ಮೇಲಕ್ಕೆ ಹೋಗಲು ಯುರೋಪಿಗೆ ಹೋಗಿ ತರಬೇತಿ ಪಡೆಯಬೇಕಾಯಿತು ಎಂಬುದೂ ನಿಜ. ದಂಡಿನ ಸವಾರಿ ಶಾಲೆ ಎಲ್ಲರಿಗೂ ಸಿಗದು, ಯುರೋಪಿನ ಲಾಯವೂ ಸಿಗದು. ನಡುವೆ ಉಳಿದವರಿಗೆ ಮೂರು ತಿಂಗಳಿಗೊಮ್ಮೆ ಹೊರಗಿನ ತೀರ್ಪುಗಾರರೊಬ್ಬರು ಬರೆದುಕೊಡುವ ಆ ಹಾಳೆಯೇ ಗುರುವಿನ ಕಣ್ಣು.

ಆ ಹಾಳೆಯಲ್ಲಿ 5 ಬಂದರೆ ಹೇಗೋ ಆಯಿತು, 6 ಬಂದರೆ ತೃಪ್ತಿಕರ, 7 ಬಂದರೆ ಸಾಕಷ್ಟು ಚೆನ್ನ. ಒಟ್ಟು ಶೇಕಡಾ 60ರ ಮೇಲೆ ಮತ್ತೆ ಮತ್ತೆ ಬಂದರೆ ಮೇಲಿನ ದರ್ಜೆಯ ಯೋಚನೆ ಮಾಡಬಹುದು ಎಂಬ ರೂಢಿ ಮಾತಿದೆ. ಅನುಭವಸ್ಥರು ಒಟ್ಟು ಅಂಕಕ್ಕಿಂತ ಮೊದಲು ಸ್ಟ್ರೆಚ್ ಸರ್ಕಲ್ ಎದುರಿನ ಟಿಪ್ಪಣಿಯನ್ನು ಓದುತ್ತಾರೆ. ಅಲ್ಲಿ 'ಲಗಾಮು ಇನ್ನಷ್ಟು ಬಿಡಬಹುದಿತ್ತು' ಎಂದಿದ್ದರೆ ತಪ್ಪು ಕುದುರೆಯದಲ್ಲ.

ಟ್ರೇನಿಂಗ್ ಲೆವೆಲ್‌ನ ಪರೀಕ್ಷೆ ನಡುಸಾಲಿನಲ್ಲಿ ನಿಲುಗಡೆ, ಒಂದು ವಂದನೆಯೊಂದಿಗೆ ಮುಗಿಯುತ್ತದೆ. ಅದರ ಕೆಳಗೆ ಹಾಳೆಯಲ್ಲಿ ಇನ್ನೂ ಒಂದು ಸೂಚನೆ ಅಚ್ಚಾಗಿರುತ್ತದೆ: ಸಡಿಲ ಲಗಾಮಿನ ನಡಿಗೆಯಲ್ಲಿ ಎ ಅಕ್ಷರದ ಬಳಿ ಅಂಗಳ ಬಿಡತಕ್ಕದ್ದು. ಅದರ ಎದುರು ಅಂಕದ ಚೌಕವಿಲ್ಲ.